ಕ್ಲಚ್ಚಿನ ತಂತಿ

ಬಂದರದ ಓಣಿಯಲ್ಲಿ, ಹಗ್ಗದ ಅಂಗಡಿಗೂ ಗಾಳದ ಅಂಗಡಿಗೂ ನಡುವೆ
ಇದಿನಬ್ಬರ ಹಾರ್ಡ್‌ವೇರು. ಮಧ್ಯಾಹ್ನ ಮೂರು.
ಒಳಗೆ ಗ್ರೀಸಿನ ವಾಸನೆ, ಹೊರಗೆ ಒಣಮೀನಿನದು,
ಹೊಸ್ತಿಲಲ್ಲಿ ನಾನು, ಇನ್ನೂ ಸ್ವಲ್ಪ ಕುಂಟುತ್ತ.

“ಎಂತ ಬೇಕಿತ್ತು?”
“ಕಾಡಿಗೆ ಕೊಂಡುಹೋಗುವಂಥದ್ದು. ಮಡಚುವ ಇಕ್ಕಳ,
ಅದರೊಳಗೇ ಚೂರಿ, ಗರಗಸ.”
“ಓ, ಮಲ್ಟಿಟೂಲ್,” ಎಂದು ಗಾಜಿನ ಪೆಟ್ಟಿಗೆಯಿಂದ
ಐದನ್ನು ತೆಗೆದು ಹಳೆಯ ಪೇಪರಿನ ಮೇಲೆ ಇಟ್ಟರು.
ಬಂಗುಡೆಯ ಕಿವಿರು ಬಿಡಿಸಿ ನೋಡುವ ಹಾಗೆ
ಒಂದೊಂದನ್ನೇ ಬಿಡಿಸಿ ನೋಡಿದೆ.

ಮೊದಲನೆಯದಕ್ಕೆ ಇಪ್ಪತ್ತೊಂದು ನಾಲಗೆ.
ಬಾಟಲಿಗೊಂದು, ಡಬ್ಬಿಗೊಂದು, ಉಗುರಿಗೊಂದು,
ಹಲ್ಲಿನ ಸಂದಿಗೆ ಕೂಡ ಒಂದು.
ಮದುಮಗನ ಹಾಗೆ ಮಿಂಚುತ್ತಿತ್ತು.
“ಸತ್ಯ ಹೇಳುವ,” ಎಂದರು, “ಇದು ಉಡುಗೊರೆಗೆ ಹೋಗುವ ಮಾಲು.”

ನಾನು ಚೀಲದಿಂದ ತಂತಿ ತೆಗೆದೆ.
ಎರಡು ಗೇಣು. ಬೈಕಿನ ಕ್ಲಚ್ಚಿನದು.
ಒಂದು ತುದಿಯಲ್ಲಿ ಉರುಳಿನ ಸುರುಳಿ ಇನ್ನೂ ಹಾಗೇ.
“ಇದನ್ನು ಕತ್ತರಿಸುವುದು ಯಾವುದೋ, ಅದು ಕೊಡಿ.”

ಅವರು ತಂತಿ ನೋಡಿದರು, ನನ್ನ ಕಾಲು ನೋಡಿದರು.
ಕೇಳಲಿಲ್ಲ. ಆದರೂ ಹೇಳಿದೆ.

ಮಾಳದ ಘಟ್ಟದ ಬುಡ, ತೊರೆ, ರಾತ್ರಿ ಹತ್ತೂವರೆ.
ಕಪ್ಪೆ ಎಣಿಸುವುದು ನನ್ನ ಕೆಲಸ,
ಕತ್ತಲಲ್ಲಿ ಕೂಗು ಕೇಳಿ ಬರೆದುಕೊಳ್ಳುವುದು.
ಹದಿನೇಳನೆಯದಕ್ಕೂ ಹದಿನೆಂಟನೆಯದಕ್ಕೂ ನಡುವೆ
ಹಂದಿಗೆಂದು ಇಟ್ಟ ಉರುಳು ನನ್ನ ಪಾದ ಹಿಡಿಯಿತು.
ಎಳೆದಷ್ಟೂ ಬಿಗಿ. ಅದಕ್ಕೆ ಗೊತ್ತಿರುವುದೇ ಅಷ್ಟು.
ಜಾರುವ ಬಂಡೆ; ಒಂದು ಕೈ ಬೇರಿನಲ್ಲಿ,
ಇನ್ನೊಂದರಲ್ಲಿ ಆನ್‌ಲೈನಿನಲ್ಲಿ ತರಿಸಿದ ಇಕ್ಕಳ.
ತೆರೆಯಲು ಅದಕ್ಕೆ ಎರಡು ಕೈ ಬೇಕು!
ಹಲ್ಲಿನಲ್ಲಿ ಕಚ್ಚಿ ತೆರೆದೆ. ಒತ್ತಿದೆ.
ತಂತಿ ಹಾಗೇ ಇತ್ತು, ಇಕ್ಕಳದ ಬಾಯಿ ಓರೆಯಾಯಿತು.
ನೋಣಯ್ಯನ ಕತ್ತಿಗೂ ತಂತಿ ಬಗ್ಗಲಿಲ್ಲ,
ಅವನು ತಂತಿ ಕಟ್ಟಿದ್ದ ಬೇರನ್ನೇ ಕಡಿದ.
ಬೇರಿನ ತುಂಡು, ತಂತಿ, ನಾನು, ಮೂವರೂ
ಅವನ ಹೆಗಲಿಗೆ ಆತು ಬಜಗೋಳಿಗೆ ಇಳಿದೆವು.
ಸೈಕಲ್ ಅಂಗಡಿಯವನನ್ನು ಎಬ್ಬಿಸಿ ಬಿಡಿಸಿಕೊಂಡದ್ದು.

“ಹೊಸ ಮಾಲಿನ ಬಾಯಿ ಮುಕ್ಕಾದರೆ ಯಾರು ತೆಗೊಳ್ಳುವುದು?”
“ಮುಕ್ಕಾಗುವುದನ್ನು ನೀವು ಮಾರುವುದು ಹೇಗೆ?”
ಫ್ಯಾನು ಎರಡು ಸುತ್ತು ತಿರುಗಿತು.
ಆಮೇಲೆ ಹಿಂದಿನ ಕಿಟಕಿಗೆ ಕರೆದರು.

ಕಿಟಕಿ ದಕ್ಕೆಯ ಕಡೆಗೆ. ಸರಳುಗಳಿಗೆ ನೂಲು,
ನೂಲಿನ ತುದಿಗೆ ಅದೇ ಐದರ ಒಂದೊಂದು ಜೊತೆಗಾರ,
ಆಟಿಯಿಂದಲೂ ಉಪ್ಪುಗಾಳಿ ಕುಡಿಯುತ್ತ.
“ಕಂಪನಿಯವ ಹೇಳುವುದು ಅವನ ಬಾಯಿ.
ನನಗೆ ಗಾಳಿ ಹೇಳಬೇಕು.”
ಮೂರರ ಕೀಲು ಕೆಂಪಾಗಿ ಕಚ್ಚಿಕೊಂಡಿತ್ತು.
ಮದುಮಗನೂ ಅದರಲ್ಲೇ.

ಉಳಿದದ್ದು ಎರಡು.
ಒಂದು, ಏಳು ಎಳೆಯಲ್ಲಿ ಐದನ್ನು ತುಂಡು ಮಾಡಿ ಸುಸ್ತಾಯಿತು.
ಎರಡು ಎಳೆ ಸಾಕು, ಕಾಲು ಹಿಡಿಯಲು.
ಇನ್ನೊಂದು ಕಪ್ಪು, ದಪ್ಪ, ಚಂದವೇನಿಲ್ಲ.
ಬರುವುದು ಒಂಬತ್ತೇ ಕೆಲಸ.
ಎಡಗೈ ಬೆನ್ನ ಹಿಂದೆ ಇಟ್ಟುಕೊಂಡೆ.
ಇದಿನಬ್ಬರು ತಡೆದು, ನನ್ನ ಬಲಗೈಗೆ
ತೆಂಗಿನೆಣ್ಣೆ ಸುರಿದರು. “ಅಲ್ಲಿ ಬೆವರು ಇರ್ತದಲ್ಲ,
ನೆತ್ತರು ಇರ್ತದಲ್ಲ. ಈಗ ತೆರೆಯಿರಿ.”
ಹೆಬ್ಬೆರಳಿಗೆ ತೆರೆಯಿತು. ಚೂರಿ ಟಕ್ಕೆಂದು ಬೀಗ ಹಾಕಿಕೊಂಡಿತು,
ಮಡಚಿ ಬೆರಳು ಕಚ್ಚಲಿಲ್ಲ.
ತಂತಿ ಇಟ್ಟೆ. ಒತ್ತಿದೆ.

ಸದ್ದು ಸಣ್ಣದು.
ಎರಡನೆಯ ಸಲ ಅವರೇ ಕತ್ತರಿಸಿದರು.
ಮೂರನೆಯ ಸಲವೂ ಅವರೇ, ಸುಮ್ಮನೆ, ಖುಷಿಗೆ.

“ಬಾಯಲ್ಲಿ ಗೀರು ಬಿದ್ದಿದೆ,” ಎಂದರು ಬಿಲ್ಲು ಬರೆಯುತ್ತ,
“ಗೀರು ಬಿದ್ದ ಮಾಲಿಗೆ ನೂರು ಕಡಿಮೆ.”
ಮತ್ತೆ, ತಲೆ ಎತ್ತದೆ: “ಆ ತಂತಿಯ ತುಂಡೊಂದು ಇಲ್ಲಿರಲಿ.
ಕಾಡಿಗೆ ಅಂತ ಇನ್ನೂ ಯಾರಾದರೂ ಬರ್ತಾರಲ್ಲ.”

ಉದ್ದದ ತುಂಡು ಅವರ ಗಲ್ಲಾಪೆಟ್ಟಿಗೆಗೆ.
ಸುರುಳಿ ಇದ್ದ ತುದಿ ನನಗೆ.
ಕಾರ್ಕಳದ ಬಸ್ಸಿಗೆ ಇನ್ನೂ ಹೊತ್ತಿತ್ತು.
ಜೇಬಿನಲ್ಲಿ ತೂಕ, ಅಂಗೈಯಲ್ಲಿ ಎಣ್ಣೆ,
ಲೆಕ್ಕದ ಪುಸ್ತಕದಲ್ಲಿ
ಹದಿನೆಂಟನೆಯ ಕಪ್ಪೆ ಬಾಕಿ.